ಕರದಂಟಿನ ಡಬ್ಬಿಯೊಳಗಿನ ಸಹಿಗಳು

ನನ್ನ ಮೇಜಿನ ಎಡಬದಿಯ ಖಾನೆಯಲ್ಲಿ ಅಮೀನಗಡದ ಕರದಂಟಿನ ಒಂದು ಖಾಲಿ ಡಬ್ಬಿಯಿದೆ. ಕರದಂಟು ಮುಗಿದು ಏಳೆಂಟು ವರ್ಷಗಳಾಗಿದ್ದರೂ ಮುಚ್ಚಳ ತೆಗೆದಾಗಲೆಲ್ಲ ಅಂಟು ಬೆಲ್ಲಗಳ ವಾಸನೆ ಇನ್ನೂ ಉಳಿದಂತೆ ನನಗೆ ಭಾಸವಾಗುತ್ತದೆ. ಈಗ ಅದರೊಳಗಿರುವುದು ವಿಜಯಪುರದ 38 ಜನರ ಸಹಿ. ಒಣದ್ರಾಕ್ಷಿಯ ವ್ಯಾಪಾರಿಗಳು, ಸರಕಾರಿ ಕಾಮಗಾರಿಗೆ ಟೆಂಡರ್ ಹಾಕುವ ಗುತ್ತಿಗೆದಾರರು, ಮನೆಯಲ್ಲಿ ಮಾತು ಬಿಟ್ಟಿದ್ದರೂ ಒಂದೇ ಕಂಪನಿಯಲ್ಲಿ ನಿರ್ದೇಶಕರಾಗಿ ಉಳಿದಿರುವ ಅಣ್ಣತಮ್ಮಂದಿರು, ಹೀಗೆ ಎಲ್ಲರ ಡಿಜಿಟಲ್ ಸಹಿಯ ಟೋಕನ್‌ಗಳು, ಪೆನ್‌ಡ್ರೈವಿನಂತೆ ಕಾಣುವ ಆ ಕಿರುಬೆರಳುದ್ದದ ವಸ್ತುಗಳು, ಒಂದರ ಮೇಲೊಂದು ಮಲಗಿಕೊಂಡಿವೆ. ಪ್ರತಿಯೊಂದರ ಬೆನ್ನಿಗೂ ಬಿಳಿಯ ಪಟ್ಟಿ ಅಂಟಿಸಿದೆ; ಪಟ್ಟಿಯ ಮೇಲೆ ಹೆಸರು, ಹೆಸರಿನ ಕೆಳಗೆ ಪಿನ್. ಪಿನ್ ಎಂಬುದು ಬಹುಪಾಲು ಟೋಕನ್‌ಗಳಲ್ಲಿ ಅಂಗಡಿಯಿಂದ ಬಂದಾಗ ಇದ್ದದ್ದೇ, ಅಂದರೆ ಒಂದರಿಂದ ಎಂಟರವರೆಗೆ ಸಾಲಾಗಿ ನಿಂತ ಅಂಕಿಗಳು. ಕೀಲಿಯನ್ನೂ ಕೀಲಿಕೈಯನ್ನೂ ಒಂದೇ ದಾರದಲ್ಲಿ ಕಟ್ಟಿ ತೂಗುಹಾಕಿದ ಈ ವ್ಯವಸ್ಥೆಯು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ವಿರುದ್ಧವಾದದ್ದೆಂದು ನನಗೆ ಚೆನ್ನಾಗಿ ಗೊತ್ತು. ಸಹಿಯ ಖಾಸಗಿ ಕೀಲಿಯನ್ನು, ಅಂದರೆ ಟೋಕನ್ನಿನೊಳಗೆ ಅಡಗಿದ್ದು ಸಹಿ ಹಾಕುವ ಗುಟ್ಟಿನ ಸಂಖ್ಯೆಯನ್ನು, ಅದರ ಒಡೆಯನೇ ತನ್ನ ಹತೋಟಿಯಲ್ಲಿಟ್ಟುಕೊಂಡು ಕಾಯಬೇಕೆಂದು ಆ ಕಾಯ್ದೆ ಹೇಳುತ್ತದೆ. ಆದರೆ ತೆರಿಗೆಯ ಕಡೆಯ ದಿನ ರಾತ್ರಿ ಹನ್ನೊಂದಕ್ಕೆ ಒಡೆಯನು ತೋಟದ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಫೋನಿಗೆ ಸಿಗದೆ ಇರುವಾಗ ಆ ಹತೋಟಿಯನ್ನು ಅಲ್ಲಿಂದ ತರುವುದು ಹೇಗೆ? ಬೇರೆಯವರ ತೆರಿಗೆ ಪತ್ರ ತುಂಬಿಕೊಡುವ ನಮ್ಮ ಕಸುಬಿನವರೆಲ್ಲರ ಖಾನೆಯಲ್ಲೂ ಇಂಥದೊಂದು ಡಬ್ಬಿ ಇದ್ದೇ ಇರುತ್ತದೆ.

ಪಾಸ್‌ವರ್ಡಿನ ಕಥೆ ಇದಕ್ಕಿಂತ ಬಡವಾದದ್ದು. ಇ-ಆಧಾರದ ಕಡತವನ್ನು ತೆರೆಯಲು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ದೊಡ್ಡಕ್ಷರದಲ್ಲಿ ಹೊಡೆದು, ಅದರ ಮುಂದೆ ಹುಟ್ಟಿದ ವರ್ಷವನ್ನು ಸೇರಿಸಬೇಕು. ಬಸವಣ್ಣನವರು ಹುಟ್ಟಿದ ಜಿಲ್ಲೆ ನಮ್ಮದು. ಇಲ್ಲಿ ಬಸಪ್ಪ, ಬಸವರಾಜ, ಬಸಲಿಂಗಪ್ಪ, ಬಸಮ್ಮ ಎಲ್ಲರೂ ಬಿ, ಎ, ಎಸ್, ಎ ಎಂಬ ಆ ನಾಲ್ಕೇ ಅಕ್ಷರಗಳಲ್ಲಿ ಅಡಗಿಬಿಡುತ್ತಾರೆ. ಒಂದೇ ವರ್ಷ ಹುಟ್ಟಿದ ಓಣಿಯ ಎಲ್ಲ ಬಸಪ್ಪಂದಿರಿಗೂ ಒಂದೇ ಕೀಲಿಕೈ. ಆದಾಯ ತೆರಿಗೆಯವರು ಕೊಡುವ ವಾರ್ಷಿಕ ಮಾಹಿತಿ ಪಟ್ಟಿಯ ಪಿಡಿಎಫ್‌ಗೆ ಸಣ್ಣಕ್ಷರದ ಪ್ಯಾನ್ ಸಂಖ್ಯೆ ಮತ್ತು ಹುಟ್ಟಿದ ತಾರೀಖು ಸೇರಿ ಪಾಸ್‌ವರ್ಡಾಗುತ್ತವೆ. ಆ ಎರಡೂ ಪ್ಯಾನ್ ಕಾರ್ಡಿನ ಮುಖದ ಮೇಲೆಯೇ ಅಚ್ಚಾಗಿರುತ್ತವೆ, ಮತ್ತು ಆ ಕಾರ್ಡಿನ ಝೆರಾಕ್ಸನ್ನು ನಾವು ಬಂಗಾರದ ಅಂಗಡಿಯಿಂದ ಲಾಡ್ಜಿನವರೆಗೆ ಕೇಳಿದವರಿಗೆಲ್ಲ ಕೊಟ್ಟು ಬಂದಿರುತ್ತೇವೆ. ಇನ್ನು ಹುಟ್ಟಿದ ತಾರೀಖಿನ ಮಾತು. ನಮ್ಮ ಕಡೆ ಒಂದು ಪೀಳಿಗೆಯ ಅರ್ಧಕ್ಕರ್ಧ ಜನರು ಶಾಲೆಯ ದಾಖಲೆಯಲ್ಲಿ ಜೂನ್ 1ರಂದೇ ಹುಟ್ಟಿದ್ದಾರೆ. ಹೆಸರು ಹಚ್ಚಲು ಕರೆದುಕೊಂಡು ಹೋದ ದಿನ ಮಾಸ್ತರರಿಗೆ ಅನುಕೂಲವಾಗಿ ಕಂಡ ತಾರೀಖು ಅದು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಬಂದ ರಾತ್ರಿ ನಾನು ಹುಟ್ಟಿದೆನೆಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು, ಆದರೆ ನನ್ನ ಕಡತಗಳು ಜೂನ್ 1ಕ್ಕೇ ತೆರೆದುಕೊಳ್ಳುತ್ತವೆ. ಒಳಗಿನ ಗೂಢಲಿಪಿ ಎಷ್ಟೇ ಬಲವಾಗಿರಲಿ, ಸಾಗವಾನಿ ಬಾಗಿಲಿಗೆ ಕೀಲಿ ಹಾಕಿ ಪಕ್ಕದ ಗೂಡಿನಲ್ಲಿ ಕೀಲಿಕೈ ಇಟ್ಟುಹೋಗುವ ಪದ್ಧತಿ ಇದು. ದಾರಿ ತಪ್ಪಿ ಬೇರೆ ಊರಿನ ಅಪರಿಚಿತನಿಗೆ ತಲುಪಿದ ಮಿಂಚಂಚೆಯನ್ನು ಅದು ಕಾಯುತ್ತದೆ. ಭಾವನ ಆದಾಯವೆಷ್ಟೆಂದು ತಿಳಿಯಬಯಸುವ ಭಾವಮೈದುನನಿಂದ ಕಾಯುವುದಿಲ್ಲ.

ಪಿಡಿಎಫ್‌ನಲ್ಲಿ ಎರಡನೆಯದೊಂದು ಪಾಸ್‌ವರ್ಡೂ ಇದೆ. ಮೊದಲನೆಯದು ತೆರೆಯಲು, ಇದು ಅನುಮತಿಗಳದ್ದು. ಓದಬಹುದು ಆದರೆ ಮುದ್ರಿಸಬಾರದು, ಮುದ್ರಿಸಬಹುದು ಆದರೆ ತಿದ್ದಬಾರದು, ನಕಲು ಮಾಡಬಾರದು ಎಂದು ಕಡತದ ಒಡೆಯ ಇದರಿಂದ ಕಟ್ಟಳೆ ಹಾಕಬಹುದು. ಒಮ್ಮೆ ನಾನು ಒಂದು ಅಂದಾಜು ತಾಳೆಪಟ್ಟಿಯನ್ನು ಮುದ್ರಣಕ್ಕೆ ನಿರ್ಬಂಧ ಹಾಕಿ, ಬರೀ ನೋಡಲೆಂದು, ಒಬ್ಬ ಗಿರಾಕಿಗೆ ಕಳಿಸಿದ್ದೆ. ಸಂಜೆಯೊಳಗೆ ಅದರ ಮೂರು ಪ್ರತಿಗಳು ಸ್ಪೈರಲ್ ಬೈಂಡಿಂಗ್ ಆಗಿ ನನ್ನ ಮೇಜಿನ ಮೇಲೆಯೇ ಬಂದು ಕುಳಿತವು. ಝೆರಾಕ್ಸ್ ಅಂಗಡಿಯ ಹುಡುಗನಿಗೆ ನಿರ್ಬಂಧವಿದ್ದದ್ದೇ ಗೊತ್ತಾಗಿರಲಿಲ್ಲ. ಅವನ ಯಂತ್ರದಲ್ಲಿದ್ದ ತಂತ್ರಾಂಶ ಅದನ್ನು ಕೇಳಿರಲೇ ಇಲ್ಲ. ತೆರೆಯಲು ಪಾಸ್‌ವರ್ಡ್ ಬೇಡದ ಕಡತವನ್ನು ಪರದೆಯ ಮೇಲೆ ತೋರಿಸಬಲ್ಲ ತಂತ್ರಾಂಶಕ್ಕೆ ಒಳಗಿನದೆಲ್ಲವೂ ಆಗಲೇ ದಕ್ಕಿರುತ್ತದೆ, ಉಳಿದದ್ದು ಅದರ ಮರ್ಯಾದೆಗೆ ಬಿಟ್ಟ ಮಾತು. ಬಸ್ ನಿಲ್ದಾಣದ ಗೋಡೆಯಲ್ಲಿ ‘ಇಲ್ಲಿ ಉಗುಳಬಾರದು’ ಎಂದು ಬರೆದಿರುತ್ತದಲ್ಲ, ಆ ಅಕ್ಷರಗಳ ಬಣ್ಣವನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಸಹಿಯ ವಿಷಯ ಬೇರೆ. ಅದನ್ನು ನಾನು ಕಂಪ್ಯೂಟರಿಗಿಂತ ಮುಂಚೆ ತಂದೆಯವರಿಂದ ಕಲಿತೆ. ಅವರು ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಕುಳಿತು ಖರೀದಿಪತ್ರ, ವಾಟ್ನಿಪತ್ರ, ಮೃತ್ಯುಪತ್ರಗಳನ್ನು ಬರೆಯುತ್ತಿದ್ದರು. ಬರೆದದ್ದನ್ನು ಹತ್ತು ಜನರ ನಡುವೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರೇ ಹೊರತು ಎಂದೂ ಮುಚ್ಚಿಟ್ಟವರಲ್ಲ. ಓದುವವನಿಗೆ ಅವರು ಹೆದರುತ್ತಿರಲಿಲ್ಲ, ಸೇರಿಸುವವನಿಗೆ ಹೆದರುತ್ತಿದ್ದರು. 8 ಗುಂಟೆ ಎಂದು ಅಂಕಿಯಲ್ಲಿ ಬರೆದರೆ ಅದರ ಹಿಂದೆ ಒಂದು 1 ನುಸುಳಿ 18 ಆಗಲು ಒಂದು ಗಳಿಗೆ ಸಾಕು. ಆದ್ದರಿಂದ ಅಂಕಿಯಾದ ಕೂಡಲೇ ‘ಅಕ್ಷರದಲ್ಲಿ ಎಂಟು ಗುಂಟೆ ಮಾತ್ರ’ ಎಂದು ಬರೆದು, ಆ ‘ಮಾತ್ರ’ದಿಂದ ಕಾಗದದ ಅಂಚಿನ ತನಕ ಅಡ್ಡಗೆರೆ ಎಳೆದು, ಸಾಲಿನಲ್ಲಿ ಒಂದು ಇರುವೆಗೂ ಜಾಗ ಬಿಡುತ್ತಿರಲಿಲ್ಲ. ಒಂದಕ್ಷರ ತಿದ್ದಿದರೂ ಪಕ್ಕದ ಮಗ್ಗುಲಲ್ಲಿ ಎರಡೂ ಪಾರ್ಟಿಯವರಿಂದ ಸಹಿ ಹಾಕಿಸುತ್ತಿದ್ದರು. ಡಿಜಿಟಲ್ ಸಹಿ ಮಾಡುವ ಕೆಲಸವನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನನಗೆ ನೆನಪಾದದ್ದು ಆ ‘ಮಾತ್ರ’ ಮತ್ತು ಆ ಅಡ್ಡಗೆರೆ. ಕಡತದಲ್ಲಿರುವ ಪ್ರತಿ ಅಕ್ಷರವನ್ನೂ ಖಾಲಿ ಜಾಗದ ಸಮೇತ ಒಟ್ಟಾಗಿ ಅರೆದು ಗಣಕವು 256 ಬಿಟ್‌ಗಳ ಒಂದು ಸಾರವನ್ನು ತೆಗೆಯುತ್ತದೆ. ಬರೆದು ನೋಡಿದರೆ ಅದು 64 ಅಂಕಿ ಅಕ್ಷರಗಳ ಒಂದು ಅರ್ಥವಿಲ್ಲದ ಸಾಲು. 8ರ ಹಿಂದೆ 1 ನುಸುಳಿತೋ, ಒಂದು ಅಲ್ಪವಿರಾಮ ಜಾರಿತೋ, ಆ ಸಾಲು ಗುರುತೇ ಸಿಗದಂತೆ ಬದಲಾಗುತ್ತದೆ. ಈ ಸಾರಕ್ಕೆ ಟೋಕನ್ನಿನೊಳಗಿರುವ ಖಾಸಗಿ ಕೀಲಿಯ ಮುದ್ರೆ ಬೀಳುತ್ತದೆ, ಮತ್ತು ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ಆ ಮುದ್ರೆಯನ್ನು ಪರೀಕ್ಷಿಸಬಹುದು. ಒಂದಕ್ಕೊಂದು ಜೋಡಿಯಾದ ಎರಡು ಕೀಲಿಗಳ ಈ ಉಪಾಯ ಲೋಕಕ್ಕೆ ಗೊತ್ತಾದದ್ದು 1976ರಲ್ಲಿ. ಆಗ ತಂದೆಯವರು ಬೇವಿನ ಗಿಡದ ಕೆಳಗೆ ಗೆರೆ ಎಳೆಯುತ್ತಲೇ ಇದ್ದರು. ಸಹಿಯು ಕಡತವನ್ನು ಮರೆಮಾಡುವುದಿಲ್ಲ. ಯಾರಾದರೂ ಓದಲಿ, ತಿದ್ದಿದರೆ ಮಾತ್ರ ಹೇಳಿಬಿಡುತ್ತೇನೆ ಎಂದು ಕುಳಿತ ಸಾಕ್ಷಿದಾರ ಅದು. ಅಂದಹಾಗೆ, ತಂದೆಯವರು ಬರೆಯುತ್ತಿದ್ದ ಪತ್ರಗಳಲ್ಲಿ ಮೃತ್ಯುಪತ್ರಕ್ಕೆ ಮಾತ್ರ ಮಾಹಿತಿ ತಂತ್ರಜ್ಞಾನ ಕಾಯ್ದೆ ಇಂದಿಗೂ ಅನ್ವಯಿಸುವುದಿಲ್ಲ. ಅದಕ್ಕೆ ಕಾಗದವೂ ಕೈಸಹಿಯೂ ಬೇಕೇ ಬೇಕು.

ಹೆಸರಷ್ಟೇ ಸಹಿಯಾಗಲಾರದೆಂಬುದಕ್ಕೆ ನಮ್ಮ ನಾಡಿನಲ್ಲೇ ಹಳೆಯ ನಿದರ್ಶನವಿದೆ. ವಚನದ ಕೊನೆಗೆ ಬರುವ ‘ಕೂಡಲಸಂಗಮದೇವ’ ಎಂಬ ಅಂಕಿತ ಅದು ಯಾರದೆಂದು ಹೇಳುತ್ತದೆ, ಆದರೆ ಅಂಕಿತದ ಮೇಲಿನ ಸಾಲುಗಳು ಇದ್ದಂತೆಯೇ ಇವೆಯೇ ಎಂಬುದನ್ನು ಅದು ಹೇಳಲಾರದು. ತಾಳೆಗರಿಯಿಂದ ತಾಳೆಗರಿಗೆ ನಕಲಾಗುತ್ತ ಬಂದ ವಚನಗಳಲ್ಲಿ ಪಾಠಭೇದಗಳು ಹುಟ್ಟಿದವು, ಬೇರೆಯವರು ಬರೆದದ್ದೂ ಆ ಅಂಕಿತವನ್ನು ಹೊತ್ತು ಒಳಗೆ ಸೇರಿಕೊಂಡಿತು. ಇದೇ ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕಿ ಅಚ್ಚಿಗೆ ತಂದ ಮೇಲೂ, ಯಾವುದು ಮೂಲ ಯಾವುದು ಪ್ರಕ್ಷಿಪ್ತ ಎಂದು ಬಿಡಿಸುವ ಕೆಲಸ ವಿದ್ವಾಂಸರಿಗೆ ದಶಕಗಟ್ಟಲೆ ಉಳಿಯಿತು. ತೆರಿಗೆ ಪತ್ರಗಳ ನಡುವೆ ಕುಳಿತವನು ವಚನಗಳ ಮಾತಾಡುವುದು ಹೆಚ್ಚಾಯಿತೇನೋ. ಆದರೆ ಹೆಸರು ಒಂದು, ಪಾಠ ಇನ್ನೊಂದು ಎಂಬ ಈ ತೊಡಕು ನನಗೆ ದಿನವೂ ಎದುರಾಗುತ್ತದೆ.

ಎದುರಾಗುವುದು ಮುಖ್ಯವಾಗಿ ಕಡತವು ಕಾಗದವಾದಾಗ. ಡಿಜಿಟಲ್ ಸಹಿಯ ಪ್ರಾಣವಿರುವುದು ಕಡತದೊಳಗೆ. ಮುದ್ರಿಸಿದ ಕ್ಷಣವೇ ಪ್ರಾಣ ಅಲ್ಲಿಯೇ ಉಳಿದು ಬರೀ ಅದರ ಭಾವಚಿತ್ರ ಕಾಗದದ ಮೇಲೆ ಬರುತ್ತದೆ. ಕಳೆದ ವರ್ಷ ಒಬ್ಬ ರೈತರ ಪ್ರಮಾಣಪತ್ರದ ಪ್ರಿಂಟನ್ನು ಹಿಡಿದು ಒಂದು ಕಚೇರಿಯ ಕಿಟಕಿಯ ಮುಂದೆ ನಿಂತಿದ್ದೆ. ಒಳಗಿನ ಕಾರಕೂನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಸೈ ಎಲ್ಲೈತ್ರಿ?” ಎಂದರು.

“ಇಲ್ಲೇ ಐತಲ್ರಿ ಸಾಹೇಬ್ರ, ಡಿಜಿಟಲ್ ಸೈ.”

“ಅದರ ಮ್ಯಾಲ ಪ್ರಶ್ನೆ ಚಿಹ್ನೆ ಐತಿ ನೋಡ್ರಿ. ಕಂಪ್ಯೂಟರಿಗೇ ಡೌಟ್ ಐತಿ ಅಂದಮ್ಯಾಲ ನಾ ಹ್ಯಾಂಗ ನಂಬಲಿ?”

ಅವರ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಹಳದಿಯ ಆ ಪ್ರಶ್ನೆ ಚಿಹ್ನೆ ಸಹಿಯನ್ನು ಸುಳ್ಳೆನ್ನುವುದಿಲ್ಲ; ಸಹಿಗೆ ಜಾಮೀನು ನಿಂತ ಭಾರತದ ಮೂಲ ಪ್ರಮಾಣಪತ್ರದ ಪರಿಚಯ ನನಗಿಲ್ಲ ಎಂದು ತಂತ್ರಾಂಶ ಹೇಳುವ ರೀತಿ ಅದು. ಕಂಪ್ಯೂಟರಿನಲ್ಲಿ ಆ ಚಿಹ್ನೆಯನ್ನು ಒತ್ತಿ ಅಧಿಕಾರಿಯ ಪ್ರಮಾಣಪತ್ರವನ್ನು ನಂಬುವುದಾಗಿ ಒಮ್ಮೆ ಒಪ್ಪಿಕೊಂಡರೆ ಪ್ರಶ್ನೆ ಅಳಿದು ಹಸಿರು ಗುರುತು ಮೂಡುತ್ತದೆ. ಕಾಗದವನ್ನು ಒತ್ತಿದರೆ ಏನೂ ಮೂಡುವುದಿಲ್ಲ. ಇದನ್ನೆಲ್ಲ ಕಿಟಕಿಯ ಹೊರಗಿನಿಂದ ವಿವರಿಸಿ ಸೋತು, ಪರಿಚಯದ ಗೆಜೆಟೆಡ್ ಅಧಿಕಾರಿಯೊಬ್ಬರ ಬಳಿ ಹೋಗಿ, ಪ್ರಶ್ನೆ ಚಿಹ್ನೆಯ ಪಕ್ಕದಲ್ಲಿಯೇ ಹಸಿರು ಶಾಯಿಯಲ್ಲಿ ಒಂದು ಸಹಿ ಮಾಡಿಸಿಕೊಂಡು ಬಂದೆ. ಕಾರಕೂನರು ಮರುಮಾತಿಲ್ಲದೆ ತೆಗೆದುಕೊಂಡರು. ಸುಳ್ಳು ಮಾಡಲು ಅತ್ಯಂತ ಕಠಿಣವಾದ ಸಹಿಗೆ ಅತ್ಯಂತ ಸುಲಭವಾದ ಸಹಿಯೊಂದು ಜಾಮೀನು ನಿಂತದ್ದನ್ನು ಆ ದಿನ ನಾನು ಕಣ್ಣಾರೆ ಕಂಡೆ.

ಡಬ್ಬಿಯಲ್ಲಿರುವ 38ರಲ್ಲಿ ಒಂದು ಟೋಕನ್ ಈ ಬೇಸಿಗೆಯವರೆಗೆ ಒಬ್ಬ ಹಿರಿಯ ಒಣದ್ರಾಕ್ಷಿ ವ್ಯಾಪಾರಿಯದಾಗಿತ್ತು. ಅವರ ಕೈಸಹಿ ಒಂದು ಸಲದಂತೆ ಇನ್ನೊಂದು ಸಲ ಇರುತ್ತಿರಲಿಲ್ಲ. ಕೈ ನಡುಗಿ ಚೆಕ್ಕುಗಳು ಹಿಂದಿರುಗುತ್ತಿದ್ದವು. ಟೋಕನ್ ತೆಗೆಸುವಾಗ ಗುರುತಿನ ಪರೀಕ್ಷೆಯ ವಿಡಿಯೋಗಾಗಿ ರುಮಾಲು ಸುತ್ತಿಕೊಂಡು, ಮದುವೆಯ ಫೋಟೋಕ್ಕೆ ಕುಳಿತಂತೆ ಕ್ಯಾಮೆರಾದ ಎದುರು ಕುಳಿತಿದ್ದರು. ಅಲ್ಲಿಂದ ಮುಂದೆ ಅವರ ಸಹಿ ಒಮ್ಮೆಯೂ ತಪ್ಪಲಿಲ್ಲ, ಏಕೆಂದರೆ ಮಾಡುತ್ತಿದ್ದವನು ನಾನು. ಅವರು ತೀರಿಕೊಂಡ ಮೇಲೂ ಟೋಕನ್ನಿನಲ್ಲಿದ್ದ ಸಹಿಯ ಪ್ರಮಾಣಪತ್ರದ ಅವಧಿ ಇನ್ನೂ ಏಳು ತಿಂಗಳು ಉಳಿದಿತ್ತು. ಒಡೆಯ ಸತ್ತರೆ ಪ್ರಮಾಣಪತ್ರವನ್ನು ರದ್ದುಪಡಿಸಬಹುದೆಂದು ಕಾಯ್ದೆಯಲ್ಲಿದೆ. ಆದರೆ ಸತ್ತ ಸುದ್ದಿಯನ್ನು ಯಾರಾದರೂ ತಿಳಿಸುವ ತನಕ ಟೋಕನ್ನಿಗೆ ಅದು ಗೊತ್ತಾಗುವ ದಾರಿಯಿಲ್ಲ. ಹದಿಮೂರು ದಿನಗಳಾದ ಮೇಲೆ ಅವರ ಮಗ ಮರಣ ಪ್ರಮಾಣಪತ್ರವನ್ನು ಹಿಡಿದು ಬಂದ, ರದ್ದತಿಯ ಅರ್ಜಿ ತುಂಬಿದೆವು. ಎದ್ದು ಹೊರಡುವಾಗ ಅವನು ಮೇಜಿನ ಮೇಲಿದ್ದ ಟೋಕನ್ನನ್ನು ಕೈಗೆತ್ತಿಕೊಂಡು, “ಇದರಾಗ ಅಪ್ಪಾರ ಸೈ ಐತಲ್ರಿ ಕಾಕಾ, ಒಮ್ಮೆ ತೋರಸ್ರಿ” ಎಂದ.

ಟೋಕನ್ ಚುಚ್ಚಿ, ಪಟ್ಟಿಯ ಮೇಲಿನ ಪಿನ್ ಹೊಡೆದೆ. ಪರದೆಯ ಮೇಲೆ ಅವರ ಹೆಸರು, ಒಂದು ಉದ್ದನೆಯ ಕ್ರಮಸಂಖ್ಯೆ, ಎಂದಿನಿಂದ ಎಂದಿನವರೆಗೆ ಎಂಬ ಎರಡು ತಾರೀಖುಗಳು ಬಂದವು. ಅವನು ಬಗ್ಗಿ ನೋಡಿ ಸುಮ್ಮನೆ ನಿಂತ. ನಾನು ಎದ್ದು ಕಪಾಟಿನಿಂದ ಅವರ ಹಳೆಯ ಪಾಲುದಾರಿಕೆ ಪತ್ರವನ್ನು ತೆಗೆದು ಕೊನೆಯ ಪುಟ ಬಿಡಿಸಿದೆ. ಅಲ್ಲಿ ನೀಲಿ ಶಾಯಿಯಲ್ಲಿ ಅವರ ಹೆಸರು ಗೆರೆಯ ಮೇಲೆ ಶುರುವಾಗಿ, ನಡುವೆ ಗೆರೆಯನ್ನು ದಾಟಿ ಕೆಳಗಿಳಿದು, ಕೊನೆಯ ಅಕ್ಷರದ ಒತ್ತು ಕೆಳಗಿದ್ದ ಸಾಕ್ಷಿದಾರನ ಹೆಸರಿಗೆ ತಾಗಿ ನಿಂತಿತ್ತು. ಅವನು ಮೊಬೈಲ್ ತೆಗೆದು ಅದರ ಫೋಟೋ ಹೊಡೆದುಕೊಂಡ. ಟೋಕನ್ನನ್ನು ಮೇಜಿನ ಮೇಲೆಯೇ ಬಿಟ್ಟುಹೋದ.