ಹಸಿವಿಲ್ಲದವರಿಗೂ ಒಂದೂಟ

ಡಿಸೆಂಬರ್ ಬಂತು ಅಂದ್ರೆ ಊರಿಂದ ಫೋನ್ ಮಾಡೋರದ್ದೆಲ್ಲಾ ಒಂದೇ ಪ್ರಶ್ನೆ, ಈ ಸಲನೂ ಚರ್ಚಿಗೆ ಹೋಗ್ತೀಯೇನೋ ಅಂತ. ನಮ್ಮ ಚಿಕ್ಕಪ್ಪ ಅಂತೂ ಸುತ್ತಿ ಬಳಸಿ ಕೇಳಲ್ಲ, "ಏನಪ್ಪಾ, ಜಾತಿ ಕೆಡಿಸ್ತಿದಾರಾ ಹೆಂಗೆ?" ಅಂದೇಬಿಟ್ರು. ಇಲ್ಲ ಚಿಕ್ಕಪ್ಪ, ಅವರಿಗೆ ಬೇಕಾಗಿರೋದು ನಾನಲ್ಲ, ನನ್ನ ಕಾರು ಅಂದೆ. ತಮಾಷೆ ಅನ್ಕೊಂಡು ನಕ್ರು, ಆದ್ರೆ ವಿಷಯ ನಿಜವಾಗ್ಲೂ ಅಷ್ಟೇ.

ನಾನಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಡಿಸೆಂಬರ್ 25 ಅಂದ್ರೆ ಈ ದೇಶ ಬಾಗಿಲು ಹಾಕ್ಕೊಂಡು ಮಲಗಿಬಿಡುತ್ತೆ. ಟ್ರೈನ್ ಇಲ್ಲ, ಬಸ್ಸು ಇಲ್ಲ ಅಂತಲೇ ಲೆಕ್ಕ, ಲಂಡನ್‌ನಲ್ಲಿ ಟ್ಯೂಬ್ ಅನ್ನೋ ಮೆಟ್ರೋ ಕೂಡಾ ಓಡಲ್ಲ, 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿ ಅವತ್ತು ತೆಗೀಬಾರದು ಅಂತ 2004ರಲ್ಲಿ ಕಾನೂನೇ ಮಾಡಿದಾರೆ. ಮನೆ ತುಂಬಾ ಜನ ಇರೋರಿಗೆ ಇದು ಸ್ವರ್ಗ. ಎಂಬತ್ತು ದಾಟಿರೋ, ಕಾರ್ ಓಡಿಸೋದು ಬಿಟ್ಟಿರೋ, ಗಂಡ ತೀರಿಹೋಗಿ ಮಕ್ಕಳು ಆಸ್ಟ್ರೇಲಿಯಾದಲ್ಲೋ ಕೆನಡಾದಲ್ಲೋ ಇರೋ ಒಬ್ಬ ಅಜ್ಜಿಗೆ? ಅವತ್ತೆಲ್ಲಾ ನಾಲ್ಕು ಗೋಡೆ, ಒಂದು ಟಿವಿ.

ಅದಕ್ಕೇ ಇಲ್ಲಿ ತುಂಬಾ ಚರ್ಚುಗಳು ಕ್ರಿಸ್ಮಸ್ ದಿನ ಮಧ್ಯಾಹ್ನ ಹಾಲ್‌ನಲ್ಲಿ ಊಟ ಇಡ್ತಾರೆ. ಬರೋರೆಲ್ಲಾ ಬಡವರು ಅನ್ಕೋಬೇಡಿ. ಬಹಳ ಜನಕ್ಕೆ ಪೆನ್ಷನ್ ಇದೆ, ಸ್ವಂತ ಮನೆ ಇದೆ, ಫ್ರೀಜರ್ ತುಂಬಾ ಊಟ ಇದೆ, ಇಲ್ಲದೇ ಇರೋದು ಎದುರಿಗೆ ಕೂರೋ ಒಂದು ಜನ. ಇವರನ್ನ ಕರ್ಕೊಂಡು ಬಂದು ವಾಪಸ್ ಬಿಡಕ್ಕೆ ಕಾರ್ ಬೇಕು, ಚರ್ಚಿನವರಿಗೆ ಅವತ್ತು ಅವರವರ ಮನೆ ಊಟ ಇರುತ್ತೆ, ಬಿಡುವಾಗಿರೋರು ಯಾರು ಹೇಳಿ? ನಾವೇ. ನಮ್ಮ ಡ್ರೈವರ್ ಲಿಸ್ಟಲ್ಲಿ ಒಬ್ಬ ಲಾಹೋರಿನ ಟ್ಯಾಕ್ಸಿಯವರು, ಇಬ್ಬರು ತೆಲುಗು ಹುಡುಗರು, ಒಬ್ಬ ಸರ್ದಾರ್ಜಿ, ಆಮೇಲೆ ತುಮಕೂರಿನ ಲಿಂಗಾಯತ ನಾನು. ಏಸುವಿನ ಹುಟ್ಟುಹಬ್ಬ ನಡೆಸಿಕೊಡೋ ತಂಡ ಇದು. ದೇವರ ವಿಚಾರ ಬರೋದು ಊಟಕ್ಕೆ ಮುಂಚೆ ಚರ್ಚಿನ ಪಾದ್ರಿ ನಿಂತ್ಕೊಂಡು ಮಾಡೋ ಅರ್ಧ ನಿಮಿಷದ ಪ್ರಾರ್ಥನೆಯಲ್ಲಿ ಮಾತ್ರ, ಅದು ಮುಗಿಯೋಷ್ಟರಲ್ಲಿ ಅರ್ಧ ಜನ ಚಮಚ ಎತ್ಕೊಂಡಿರ್ತಾರೆ.

ಸೇವೆಗೆ ಬರ್ತೀನಿ ಅಂದ ತಕ್ಷಣ ಬಾ ಅನ್ನಲ್ಲ ಇಲ್ಲಿ, ಇದೊಂದು ನನಗೆ ಮೊದಮೊದಲು ಸಿಟ್ಟು ಬರಿಸ್ತಿತ್ತು. ವಯಸ್ಸಾದವರನ್ನ ಕಾರಲ್ಲಿ ಒಬ್ಬನೇ ಕರ್ಕೊಂಡು ಹೋಗ್ತೀಯ ಅಂದ್ರೆ ಫಾರಂ, ನಮ್ಮ ಪೊಲೀಸ್ ವೆರಿಫಿಕೇಶನ್ ಥರದ ಚೆಕ್ಕು, ಅಡುಗೆಮನೆಗೆ ಹೋಗ್ತೀಯ ಅಂದ್ರೆ ಸ್ವಚ್ಛತೆ ಪಾಠ, ಅಲರ್ಜಿ ಪಟ್ಟಿ, ಅದರಲ್ಲಿ 14 ಪದಾರ್ಥ, ಸಾಸಿವೆ ಎಳ್ಳು ಸೇರಿಸಿ! ಸಾಸಿವೆ ಇಲ್ದೇ ಒಗ್ಗರಣೆ ಹಾಕೋದು ಹೆಂಗಪ್ಪಾ. ಮಾಂಸ ಮುಟ್ಟಲ್ಲ ಅಂದಿದ್ದಕ್ಕೆ ನನ್ನ ಮುಂದೆ ಒಂದು ಮೂಟೆ ಬ್ರಸೆಲ್ಸ್ ಸ್ಪ್ರೌಟ್ಸ್ ತಂದು ಸುರಿದ್ರು, ನಮ್ಮ ಎಲೆಕೋಸಿನ ಮರಿ ಥರ ಇರುತ್ತೆ, ಬುಡ ಕತ್ತರಿಸಿ, ಮೇಲಿನ ಎಲೆ ಬಿಡಿಸಿ, ಬುಡಕ್ಕೆ ಚಾಕುವಲ್ಲಿ ಒಂದು ಕ್ರಾಸ್ ಗೀರ್ಬೇಕು. ಯಾಕೆ ಗೀರ್ಬೇಕು ಅಂದ್ರೆ ಪಕ್ಕದಲ್ಲಿದ್ದ ಆಂಟಿ ನಮ್ಮಮ್ಮ ಗೀರ್ತಿದ್ರು ಅಂದ್ರು. ಆ ಉತ್ತರ ಕೇಳಿ ನಮ್ಮೂರಲ್ಲೇ ಇದೀನಿ ಅನ್ನಿಸ್ತು.

ಈಗ ಹೋಲಿಕೆಗೆ ಬರ್ತೀನಿ, ಬೈಯೋರು ಬೈಕೊಳ್ಳಿ. ಅನ್ನ ಹಾಕೋದ್ರಲ್ಲಿ ನಮ್ಮನ್ನ ಹೊಡೆಯೋರಿಲ್ಲ. ಕ್ಯಾತ್ಸಂದ್ರದಲ್ಲಿ ಇಳಿದು ಸಿದ್ಧಗಂಗೆಗೆ ಹೋದ್ರೆ ಯಾರ ಮಗ, ಯಾವ ಜಾತಿ, ಯಾಕೆ ಬಂದೆ ಅಂತ ಒಬ್ಬರೂ ಕೇಳಲ್ಲ, ತಟ್ಟೆ ಹಿಡಿದು ಕೂತ್ರೆ ಮುದ್ದೆ ಬೀಳುತ್ತೆ. 2019ರ ಜನವರಿ 21ಕ್ಕೆ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಮಕ್ಕಳ ಮಧ್ಯಾಹ್ನದ ಊಟ ಆಗೋವರೆಗೂ ಸುದ್ದಿ ಹೊರಗೆ ಬಿಟ್ಟಿರಲಿಲ್ಲ, ಅದು ಅವರದ್ದೇ ಇಚ್ಛೆ ಅಂತ ಪೇಪರ್‌ಗಳಲ್ಲೆಲ್ಲಾ ಬಂದಿತ್ತು. ಈ ಕಡೆ ಇಂಗ್ಲೆಂಡಲ್ಲಿ, ಕಷ್ಟದಲ್ಲಿರೋರಿಗೆ ಪುಕ್ಕಟೆ ದಿನಸಿ ಕೊಡೋ ಫುಡ್ ಬ್ಯಾಂಕಿಗೆ ಹೋಗ್ಬೇಕಂದ್ರೂ ಹೆಚ್ಚಿನ ಕಡೆ ಡಾಕ್ಟರೋ ಸ್ಕೂಲಿನವರೋ ಬರೆದುಕೊಟ್ಟ ವೋಚರ್ ಬೇಕು. ಹಸಿದವನ ಕೈಯಲ್ಲಿ ಚೀಟಿ ಕೇಳೋ ಪದ್ಧತಿ ನನಗೆ ಇವತ್ತಿಗೂ ಒಗ್ಗಿಲ್ಲ. ಇನ್ನೊಂದು, ಇವರ ದಾನಶೂರತನ ಎಲ್ಲಾ ಡಿಸೆಂಬರ್‌ಗೇ. ಕ್ರಿಸ್ಮಸ್ ದಿನದ ಸೇವೆಗೆ ಹೆಸರು ಬರೆಸೋ ಪಟ್ಟಿ ನವೆಂಬರ್‌ನಲ್ಲೇ ಫುಲ್, ಫೆಬ್ರವರಿಯ ಕೊರೆಯೋ ಚಳೀಲಿ ಮನೆ ಇಲ್ಲದವರಿಗೆ ಹಾಲ್‌ನಲ್ಲಿ ಹಾಸಿಗೆ ಹಾಸಕ್ಕೆ ಬನ್ನಿ ಅಂದ್ರೆ ಜನ ಸಿಗಲ್ಲ. ನಮ್ಮ ದಾಸೋಹಕ್ಕೆ ಸೀಸನ್ ಅನ್ನೋದಿಲ್ಲ.

ಆದ್ರೆ ನಾವು ಬಡಿಸ್ತೀವಿ, ಜೊತೆಗೆ ಕೂರಲ್ಲ. ಧರ್ಮಸ್ಥಳ ಇರ್ಲಿ, ಮದುವೆ ಛತ್ರ ಇರ್ಲಿ, ಬಡಿಸೋರು ಅನ್ನ ಅನ್ನ ಸಾರು ಸಾರು ಅಂತ ಓಡ್ತಿರ್ತಾರೆ, ಛತ್ರದಲ್ಲಂತೂ ಮಜ್ಜಿಗೆ ಬರೋಷ್ಟರಲ್ಲಿ ಮುಂದಿನ ಪಂಕ್ತಿಯವರು ನಮ್ಮ ಕುರ್ಚಿ ಹಿಂದೆ ನಿಂತು ಬೆನ್ನು ನೋಡ್ತಿರ್ತಾರೆ. ಹೊಟ್ಟೆ ತುಂಬಿತಾ, ಏಳು. ಸಾವಿರಗಟ್ಟಲೆ ಜನಕ್ಕೆ ಹಾಕೋ ಕಡೆ ಹಂಗೇ ಆಗ್ಬೇಕು, ತಪ್ಪಲ್ಲ. ಇಲ್ಲಿ ಊಟ ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾದ್ರೆ ನಾಲ್ಕಾದ್ರೂ ಯಾರೂ ಏಳಲ್ಲ, ವಾಲಂಟಿಯರ್‌ಗಳೂ ಅದೇ ಟೇಬಲ್ಲಲ್ಲಿ ಅತಿಥಿಗಳ ಮಧ್ಯೆ ಕೂತು ಅದೇ ಊಟ ಮಾಡ್ಬೇಕು, ಅದು ರೂಲು. ತಟ್ಟೆ ಪಕ್ಕ ಕ್ರ್ಯಾಕರ್ ಅಂತ ಇಟ್ಟಿರ್ತಾರೆ, ಬಣ್ಣದ ಕಾಗದದ ಕೊಳವೆ, ನೀವೊಂದು ತುದಿ ಹಿಡೀರಿ, ಪಕ್ಕದವರು ಇನ್ನೊಂದು, ಎಳೆದ್ರೆ ಪಟ್ ಅನ್ನುತ್ತೆ, ಒಳಗಿಂದ ಒಂದು ಕಾಗದದ ಕಿರೀಟ, ಒಂದು ದರಿದ್ರ ಜೋಕು ಬೀಳುತ್ತೆ. ಒಬ್ಬರೇ ಕೂತು ಎಳೆಯೋ ಐಟಂ ಅಲ್ಲ ಅದು. ನನ್ನ ಪಕ್ಕ ಕೂತಿದ್ದ ರಿಟೈರ್ಡ್ ರೈಲ್ವೆ ಅಜ್ಜ ಹಳದಿ ಕಿರೀಟ ಹಾಕ್ಕೊಂಡೇ ಮೂರು ಗಂಟೆಗೆ ರಾಜನ ಭಾಷಣ ನೋಡಿದ್ರು, 1932ರಲ್ಲಿ ರೇಡಿಯೋದಲ್ಲಿ ಶುರುವಾದ ಸಂಪ್ರದಾಯವಂತೆ, ಭಾಷಣ ಪೂರ್ತಿ ಗೊಣಗ್ತಾನೇ ಇದ್ರು, ಮುಗಿದ ಮೇಲೆ ಚೆನ್ನಾಗಿತ್ತು ಅಂದ್ರು. ವಾಪಸ್ ಬಿಡೋವಾಗ ಕಾರಲ್ಲಿ ಸಿಗ್ನಲ್ ಕೆಲಸದ ಕಥೆ ಬಾಯಿ ಮುಚ್ಚದೇ ಹೇಳಿದ್ರು, ಮನೆ ಮುಂದೆ ನಿಲ್ಲಿಸಿದ ಮೇಲೂ ಇಳೀಲಿಲ್ಲ, ಕಥೆ ಮುಗಿದಿರಲಿಲ್ಲ.

2018ರಲ್ಲಿ ಈ ದೇಶದಲ್ಲಿ ಒಂಟಿತನಕ್ಕೆ ಅಂತಲೇ ಒಬ್ಬ ಮಂತ್ರೀನ ಮಾಡಿದಾಗ ನಮ್ಮ ವಾಟ್ಸಪ್ ಗ್ರೂಪ್‌ಗಳಲ್ಲಿ ಎಷ್ಟು ನಕ್ಕಿದ್ರು, ನೋಡಿ ಅಪ್ಪ ಅಮ್ಮನ್ನ ಬಿಟ್ಟೋರ ಗತಿ ಅಂತ. ನಕ್ಕವರಲ್ಲಿ ಮುಕ್ಕಾಲು ಜನ ಅಪ್ಪ ಅಮ್ಮನ್ನ ಮೈಸೂರಲ್ಲೋ ದಾವಣಗೆರೆಯಲ್ಲೋ ಬಿಟ್ಟು ಬಂದು ಇಲ್ಲಿ ಕೂತೋರೇ, ನನ್ನೂ ಸೇರಿಸಿ. ಯುಗಾದಿ ದಿನ ಅಮ್ಮ ಒಬ್ಬರೇ ಎಷ್ಟು ಒಬ್ಬಟ್ಟು ತಟ್ತಾರೆ? ಎರಡು ತಟ್ಟಿ ವಿಡಿಯೋ ಕಾಲ್‌ನಲ್ಲಿ ತೋರಿಸ್ತಾರೆ ಅಷ್ಟೇ. ಇಂಥಾ ಮನೆಗಳು ನಮ್ಮ ಒಂದೊಂದು ಬಡಾವಣೆಯಲ್ಲೂ ಇದೆ, ಅವರಿಗೆ ಹಬ್ಬದ ದಿನ ಹೋಗಕ್ಕೆ ಒಂದು ಜಾಗ ಅಂತ ನಾವಿನ್ನೂ ಮಾಡಿಲ್ಲ.

ಇದನ್ನ ಅಮ್ಮನಿಗೇ ಹೇಳಿ ನೋಡಿದೆ. "ಥೂ, ಹಬ್ಬದ ದಿನ ಇನ್ನೊಬ್ಬರ ಹಾಲ್‌ಗೆ ಹೋಗಿ ಉಣ್ಣೋದಾ, ಮಗ ಅನ್ನಕ್ಕೂ ದಿಕ್ಕು ಮಾಡಿಲ್ಲ ಅಂತಾರೆ ಜನ" ಅಂದ್ರು. ನ್ಯಾಯವೇ. ಆದ್ರೆ ಅದೇ ಅಮ್ಮ ಮಠದಲ್ಲಿ ಕೂತು ಉಣ್ಣಕ್ಕೆ ಯಾವತ್ತೂ ನಾಚಿಕೊಂಡಿಲ್ಲ, ಅದು ಪ್ರಸಾದ. ಹಂಗಿದ್ಮೇಲೆ ಮಠದವರು, ದೇವಸ್ಥಾನದವರು, ಬೇಕಾದ್ರೆ ಊರಿನ ಚರ್ಚಿನವರೂ, ಹಬ್ಬದ ದಿನ ಒಂದು ಸಣ್ಣ ಪಂಕ್ತೀನ ಅವಸರ ಇಲ್ಲದೇ ನಡೆಸಬಹುದಲ್ವಾ, ಬಡಿಸೋರೂ ಅಲ್ಲೇ ಕೂತು ಉಂಡು ಹರಟೆ ಹೊಡೆಯೋ ಹಾಗೆ? ಅಡುಗೆಯೋರಿಗೆ, ಪಾತ್ರೆಗೆ, ಜಾಗಕ್ಕೆ ನಮ್ಮಲ್ಲಿ ಬರ ಇಲ್ಲ. ಮೆಟ್ಟಿಲು ಇಳಿಯಕ್ಕಾಗದ, ಆಟೋ ಹತ್ತಕ್ಕಾಗದ ಅಜ್ಜ ಅಜ್ಜೀರನ್ನ ಕರ್ಕೊಂಡು ಬರೋರು ಬೇಕು. ಹೆಸರು ಬರೆಸೋ ಪಟ್ಟಿ ಮಾಡೋ ಕೆಲಸ ಇಲ್ಲಿಂದಲೇ ನಾನು ಮಾಡ್ತೀನಿ, ಇಷ್ಟು ವರ್ಷ ಇಲ್ಲಿ ಫಾರಂ ತುಂಬಿ ತುಂಬಿ ಅದೊಂದು ಚೆನ್ನಾಗಿ ಬರುತ್ತೆ. ತುಮಕೂರಲ್ಲಿ ಕಾರಿರೋ ಹುಡುಗರು, ಯುಗಾದಿ ದಿನ ಬೆಳಗ್ಗೆ ಎರಡು ಗಂಟೆ ಬಿಡುವಾಗಿರೋರು, ಯಾರಿದೀರಿ?