ಆ ಕವರನ್ನು ಇವತ್ತೇ ಒಡೆದು ನೋಡಿ

ನನ್ನ ಗೆಳತಿ ಕೋರ್ಟಿನಿಂದ ಬಂದ ಕವರನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಿದ್ದಳು. ಕ್ರೆಡಿಟ್ ಕಾರ್ಡ್ ಬಾಕಿಯ ಕೇಸಿನಲ್ಲಿ ಅವಳ ವಿರುದ್ಧ ತೀರ್ಪಾಗಿತ್ತು. ಮನೆಯವರಿಗೆ ಗೊತ್ತಾದರೆ ಏನು ಗತಿ ಅನ್ನುವ ನಾಚಿಕೆ, ಭಯ. ಹತ್ತೊಂಬತ್ತು ದಿನ ಆದಮೇಲೆ ತಂದು ನನ್ನ ಕೈಗಿಟ್ಟಳು. "ಸಾಲ ಮಾಡಿದ್ದು ನಿಜ ಕಣೇ, ಇನ್ನೇನು ವಾದ ಮಾಡಲಿ?" ಅಂದಳು.

ಈ ಮಾತೇ ನನಗೆ ತುಂಬಾ ನೋವು ಕೊಟ್ಟಿದ್ದು. ಸಾಲ ಮಾಡಿದ್ದು ನಿಜ ಇರಬಹುದು. ಆದರೆ ತೀರ್ಪಿನಲ್ಲಿ ಬರೆದಿರುವ ಮೊತ್ತ ಸರಿಯಾ? ಅದರಲ್ಲಿ ಅಸಲು ಎಷ್ಟು, ಬಡ್ಡಿ ಎಷ್ಟು, ತಡ ಮಾಡಿದ್ದಕ್ಕೆ ಹಾಕಿದ ಶುಲ್ಕ ಎಷ್ಟು? ಕಟ್ಟಿದ ಕಂತುಗಳನ್ನೆಲ್ಲ ಕಳೆದಿದ್ದಾರಾ? ದಾವೆ ಹೂಡುವ ಅವಧಿ ಮುಗಿದಮೇಲೆ ಹೂಡಿದ್ದಾರಾ? ಇವನ್ನು ಕೇಳುವುದು ಸಾಲ ತಪ್ಪಿಸಿಕೊಳ್ಳುವ ಆಟ ಅಲ್ಲ. ಕೇಳುವ ಹಕ್ಕು ಸಾಲಗಾರರಿಗೂ ಇದೆ.

ಕೇಳದೇ ಇರುವವರೇ ಜಾಸ್ತಿ. ಅಮೆರಿಕದ ಪ್ಯೂ ಎಂಬ ಸಂಶೋಧನಾ ಸಂಸ್ಥೆ 2020ರಲ್ಲಿ ಒಂದು ವರದಿ ಕೊಟ್ಟಿತ್ತು. ಅಲ್ಲಿ ಅಂಕಿಅಂಶ ಸಿಕ್ಕ ಕಡೆಗಳಲ್ಲಿ, ಸಾಲ ವಸೂಲಿ ದಾವೆಗಳಲ್ಲಿ ಶೇ. 70ಕ್ಕಿಂತ ಹೆಚ್ಚು ಕೇಸುಗಳು ಪ್ರತಿವಾದಿ ಉತ್ತರವನ್ನೇ ಕೊಡದೆ ತೀರ್ಪಾಗಿದ್ದವು. ಅಂದರೆ ಅಷ್ಟೂ ಕೇಸುಗಳಲ್ಲಿ ಒಂದು ಕಡೆಯ ಮಾತು ಮಾತ್ರ ಕೇಳಿದ್ದು.

ನನ್ನ ಗೆಳತಿಯದ್ದೂ ಅಂಥದ್ದೇ, ಏಕಪಕ್ಷೀಯ ತೀರ್ಪು. ಅವಳು ಮನೆ ಬದಲಾಯಿಸಿದ್ದಳು. ಸಮನ್ಸ್, ಅಂದರೆ ಹಾಜರಾಗಿ ಅಂತ ಕೋರ್ಟು ಕಳಿಸುವ ಪತ್ರ, ಹೋಗಿದ್ದು ಹಳೇ ವಿಳಾಸಕ್ಕೆ. ನಾವಿಬ್ಬರೂ ಅಪೀಲು, ಅಪೀಲು ಅಂತ ಬಡಬಡಿಸುತ್ತಾ ವಕೀಲರ ಹತ್ತಿರ ಹೋದೆವು. ಅವರು ಶಾಂತವಾಗಿ ಹೇಳಿದರು: "ನಿಮ್ಮ ಮಾತನ್ನು ಕೋರ್ಟು ಇನ್ನೂ ಕೇಳೇ ಇಲ್ಲಮ್ಮ. ಮೊದಲು ಅದೇ ಕೋರ್ಟಿಗೆ ಹೋಗಿ, ತೀರ್ಪು ರದ್ದು ಮಾಡಿ ಅಂತ ಅರ್ಜಿ ಹಾಕೋಣ."

ಈ ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು. ಸಮನ್ಸ್ ಸರಿಯಾಗಿ ಮುಟ್ಟಿಲ್ಲ, ಅಥವಾ ಹಾಜರಾಗದೇ ಇದ್ದುದಕ್ಕೆ ಬಲವಾದ ಕಾರಣ ಇತ್ತು ಅಂತ ತೋರಿಸಿದರೆ, ತೀರ್ಪು ಕೊಟ್ಟ ಕೋರ್ಟೇ ಅದನ್ನು ತೆಗೆದುಹಾಕಿ ಮತ್ತೆ ವಿಚಾರಣೆ ಮಾಡಬಹುದು. ಭಾರತದಲ್ಲಿ ಇದಕ್ಕೆ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ, ತೀರ್ಪಿನ ವಿಷಯ ತಿಳಿದ ದಿನದಿಂದ ಲೆಕ್ಕ. ಅವಳಿಗೆ ಉಳಿದಿದ್ದು ಹನ್ನೊಂದು ದಿನ.

ಎರಡೂ ಕಡೆ ವಾದ ನಡೆದು ಸೋತಿದ್ದರೆ ಅಪೀಲು. ಅದಕ್ಕೂ ಗಡುವು ಇದೆ, ದೇಶದಿಂದ ದೇಶಕ್ಕೆ ಬೇರೆ ಬೇರೆ. ಭಾರತದಲ್ಲಿ ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ಸಮಯವನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಹಾಗಾಗಿ ನಕಲಿಗೆ ತೀರ್ಪು ಬಂದ ದಿನವೇ ಅರ್ಜಿ ಕೊಡಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 21 ದಿನ, ಜೊತೆಗೆ ಅಪೀಲಿಗೆ ಅನುಮತಿಯೂ ಬೇಕು. ಗಡುವು ದಾಟಿದರೆ ವಿಳಂಬ ಮನ್ನಿಸಿ ಅಂತ ಕೇಳಬಹುದು, ಆದರೆ ಒಂದೊಂದು ದಿನಕ್ಕೂ ಕಾರಣ ಹೇಳಬೇಕಾಗುತ್ತದೆ. "ಭಯ ಆಯ್ತು" ಅನ್ನುವುದು ಸಾಲುವುದು ಕಷ್ಟ.

ಅಪೀಲು ಅಂದರೆ ಕೇಸನ್ನು ಇನ್ನೊಮ್ಮೆ ಮೊದಲಿಂದ ನಡೆಸುವುದಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಸಣ್ಣ ಮೊತ್ತದ ಕೇಸು ನೋಡುವ ಜಸ್ಟಿಸ್ ಕೋರ್ಟುಗಳಂಥ ಕಡೆ 21 ದಿನದೊಳಗೆ ಹೋದರೆ ಪೂರ್ತಿ ಹೊಸ ವಿಚಾರಣೆ ಸಿಗುತ್ತದೆ, ನಿಜ. ಆದರೆ ಹೆಚ್ಚಿನ ಕಡೆ ಮೇಲಿನ ಕೋರ್ಟು ನೋಡುವುದು ಕೆಳಗಿನ ಕೋರ್ಟಿನ ಮುಂದಿದ್ದ ದಾಖಲೆಗಳನ್ನೇ. ಹೊಸ ಸಾಕ್ಷ್ಯ ಸುಲಭವಾಗಿ ಒಳಗೆ ಬರುವುದಿಲ್ಲ. ಕೆಲಸ ಹೋಯಿತು, ಕಾಯಿಲೆ ಬಂತು ಅನ್ನುವ ಕಷ್ಟ ಎಷ್ಟೇ ನಿಜವಾದರೂ ಅದು ಅಪೀಲಿನ ಕಾರಣ ಆಗುವುದಿಲ್ಲ. ಕಂತು ಕೇಳುವಾಗ, ರಾಜಿ ಮಾತಾಡುವಾಗ ಅದಕ್ಕೆ ಬೆಲೆ ಇದೆ. ಅಪೀಲಿನಲ್ಲಿ ಬೇಕಾದದ್ದು ಕೆಳಗಿನ ಕೋರ್ಟು ಎಲ್ಲಿ ತಪ್ಪಿತು ಅನ್ನುವುದು. ಬಡ್ಡಿ ದರ ಒಪ್ಪಂದದಲ್ಲಿ ಇಲ್ಲದೇ ಹಾಕಿದ್ದಾರಾ? ಬ್ಯಾಂಕು ಸಾಲವನ್ನು ಬೇರೆ ಕಂಪನಿಗೆ ಮಾರಿದ್ದರೆ, ನಿಮ್ಮ ಖಾತೆಯೂ ಆ ಮಾರಾಟದಲ್ಲಿತ್ತು ಅನ್ನುವ ಕಾಗದ ಇತ್ತಾ? ನನ್ನ ಪ್ರಕಾರ ಅತಿ ಹೆಚ್ಚು ಗಮನ ಕೊಡಬೇಕಾದ ಜಾಗ ಇದೇ.

ಇನ್ನೊಂದು ಅಪಾಯ. ಅಪೀಲು ಹಾಕಿದ ತಕ್ಷಣ ವಸೂಲಿ ನಿಲ್ಲುತ್ತದೆ ಅಂತ ಸುಮ್ನೆ ಕೂರಬೇಡಿ. ಭಾರತದಲ್ಲೂ ಇಂಗ್ಲೆಂಡಿನಲ್ಲೂ ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು. ಕೋರ್ಟು ಹಣ ಅಥವಾ ಭದ್ರತೆ ಕೇಳಬಹುದು. ತಡೆಯಾಜ್ಞೆ ಇಲ್ಲದಿದ್ದರೆ ಅಪೀಲು ಬಾಕಿ ಇರುವಾಗಲೇ ಸಾಲ ಕೊಟ್ಟವರು ಅಮಲ್ಜಾರಿ ಅರ್ಜಿ, ಅಂದರೆ ತೀರ್ಪನ್ನು ಜಾರಿ ಮಾಡಿ ಅನ್ನುವ ಅರ್ಜಿ, ಹಾಕಿ ಖಾತೆ ಜಪ್ತಿ ಮಾಡಿಸಬಹುದು.

ಕೋರ್ಟಿನ ಹೊರಗೆ ಎದುರು ಪಕ್ಷದ ವಕೀಲರು ಕೊಟ್ಟ ರಾಜಿ ಪತ್ರಕ್ಕೆ ಅವಸರದಲ್ಲಿ ಸಹಿ ಹಾಕಲೂಬೇಡಿ. ಒಪ್ಪಿಕೊಂಡು ಆದ ತೀರ್ಪಿಗೆ ಭಾರತದಲ್ಲಿ ಅಪೀಲೇ ಇಲ್ಲ. ಮನೆಗೆ ತನ್ನಿ, ಓದಿ, ಓದಿಸಿ.

ವಕೀಲರ ಖರ್ಚು ಮತ್ತು ಕೋರ್ಟ್ ಶುಲ್ಕ ಸೇರಿದರೆ, ಗೆದ್ದಾಗ ಉಳಿಯುವ ಹಣಕ್ಕಿಂತ ಜಾಸ್ತಿ ಆಗುತ್ತದಾ ಅಂತಲೂ ಕೂತು ಲೆಕ್ಕ ಹಾಕಬೇಕು. ತೀರ್ಪಿನಲ್ಲಿರುವ ಮೊತ್ತ ಸರಿಯಾಗಿದೆ ಅನ್ನಿಸಿದರೆ, ಅಪೀಲು ಬಿಟ್ಟು ಕಂತು ಕೇಳುವುದೇ ಒಳ್ಳೆಯದು. ಅದರಲ್ಲಿ ಸೋಲೇನೂ ಇಲ್ಲ.

ಗೆಳತಿಯ ಅರ್ಜಿ, ಉಳಿದಿದ್ದ ಹನ್ನೊಂದು ದಿನಗಳಲ್ಲಿ ಒಂಬತ್ತನೇ ದಿನ ದಾಖಲಾಯಿತು. ಸ್ವಲ್ಪ ಹಣ ಠೇವಣಿ ಇಡಬೇಕು ಅನ್ನುವ ಷರತ್ತಿನ ಮೇಲೆ ತೀರ್ಪು ರದ್ದಾಗಿದೆ. ಬ್ಯಾಂಕಿನವರು ಈಗ ತಿಂಗಳು ತಿಂಗಳ ಸ್ಟೇಟ್‌ಮೆಂಟ್ ಹಾಜರುಪಡಿಸಬೇಕು. ಅವಳು ಕಟ್ಟಿದ್ದ ಎಲ್ಲ ಹಣದ ರಸೀದಿಗಳನ್ನು ಒಂದು ಫೈಲಿನಲ್ಲಿ ಜೋಡಿಸಿದ್ದಾಳೆ. ಆ ಫೈಲು ಈಗ ಬೀರುವಿನಲ್ಲಿಲ್ಲ. ಊಟದ ಮೇಜಿನ ಮೇಲೆ, ಮನೆಯವರೆಲ್ಲರ ಕಣ್ಣಿಗೆ ಕಾಣುವ ಹಾಗೆ ಇದೆ.