ಅಜ್ಜಿಯ ತಟ್ಟೆಯಲ್ಲಿರುವ ಜಮೈಕಾ

ಅಜ್ಜಿಯ ಅಡುಗೆಯ ನೆನಪಿನಿಂದ ಹೊರಟು ಮಕ್ಕಳಿಗೆ ಜಮೈಕಾದ ಸಂಸ್ಕೃತಿಯನ್ನು ಪರಿಚಯಿಸುತ್ತಿರುವ ಶಿಕ್ಷಕಿಯ ಕುರಿತ ಲೇಖನವೊಂದನ್ನು ಓದಿದೆ, ಮೆಚ್ಚುಗೆಯಾಯಿತು. ಆದರೆ ಅಲ್ಲಿನ ರಾಷ್ಟ್ರೀಯ ಖಾದ್ಯವಾದ ಅಕೀ ಮತ್ತು ಉಪ್ಪುಮೀನನ್ನು ಬರಿಯ ರುಚಿಯ ಮಾತಾಗಿ ಮುಗಿಸಿದ್ದು ಕೊರತೆಯೆನಿಸಿತು. ಅಕೀ 18ನೇ ಶತಮಾನದಲ್ಲಿ ಪಶ್ಚಿಮ ಆಫ್ರಿಕಾದಿಂದ ಬಂದ ಹಣ್ಣು. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಾದರೋ, ಕಬ್ಬಿನ ತೋಟಗಳ ಮಾಲೀಕರು ಗುಲಾಮರ ಹೊಟ್ಟೆಗೆಂದು ಉತ್ತರ ಅಟ್ಲಾಂಟಿಕ್ ಕಡೆಯಿಂದ ತರಿಸುತ್ತಿದ್ದ ಅಗ್ಗದ ಆಹಾರ. ಮರದಲ್ಲಿಯೇ ತಾನಾಗಿ ಬಿರಿಯದ ಅಕೀ ವಿಷವೆಂಬ ತಿಳಿವಳಿಕೆಯೂ ತರಗತಿಯಲ್ಲಿ ಹೇಳಬೇಕಾದ ಪಾಠವೇ. 1845ರಿಂದ ಕರಾರಿನ ಕೂಲಿಗಳಾಗಿ ಹೋದ ಭಾರತೀಯರು ಆ ಅಡುಗೆಮನೆಗೆ ಮೇಕೆ ಮಾಂಸದ ಕರಿಯನ್ನೂ ರೊಟ್ಟಿಯನ್ನೂ ಸೇರಿಸಿದರು. ಅಂದಹಾಗೆ, ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿನವರು ತೆಂಗಿನ ಹಾಲಿನಲ್ಲಿ ಅಕ್ಕಿಯೊಡನೆ ಬೇಯಿಸುವ ‘ಗುಂಗೋ’ ಕಾಳು ನಮ್ಮ ಕಲಬುರಗಿಯ ಹೊಲಗಳಲ್ಲಿ ಬೆಳೆಯುವ ತೊಗರಿಯೇ.